ಮೈದುನನ ಮೇಲೆ ಹಾಕಿದ ಕೊಲೆ

ಕಳೆದ ವಾರ ಹೈದರಾಬಾದಿನ ಕೋಠಿಯ ಫುಟ್‌ಪಾತಿನಲ್ಲಿ ಒಂದು ಪತ್ತೇದಾರಿ ಕಾದಂಬರಿ ಸಿಕ್ಕಿತು. ಮುಖಪುಟದ ಮೇಲೆ ಕರಿ ಕೋಟಿನವನೊಬ್ಬ, ಅವನ ಹಿಂದೆ ಅರ್ಧ ತೆರೆದ ಬಾಗಿಲು, ಬಾಗಿಲ ಸಂದಿಯಲ್ಲಿ ಒಂದು ಕೈ. ಚಲೋ ಇರಬಹುದು ಅಂತ ತಂದೆ. ಮನೆಗೆ ಬಂದು, ಚಾ ಕುದಿಯಲು ಇಟ್ಟು, ನಲವತ್ತನೇ ಪುಟ ತೆಗೆದರೆ ಮೂಲೆಯಲ್ಲಿ ಅರಿಸಿನದ ಹೆಬ್ಬೆಟ್ಟು. ನನ್ನದೇ. ಓದಿ ಮುಗಿಸಿದ ಪುಸ್ತಕಕ್ಕೆ ನಾನು ಹಾಕುವ ಗುರುತು ಅದು. ಎಂದೋ ರದ್ದಿಯವನ ಚೀಲಕ್ಕೆ ಹೋದದ್ದು ಊರೆಲ್ಲ ಸುತ್ತಿ ಮತ್ತೆ ನನ್ನ ಕೈಗೇ ಬಂದಿತ್ತು.

ಕೊಂದವನು ಯಾರು ಅಂತ ನೆನಪಾಗಲಿಲ್ಲ. ಹಾಗಾಗಿ ಮತ್ತೆ ಓದುತ್ತಿದ್ದೇನೆ. ಇಂಥ ಪುಸ್ತಕಗಳ ಒಳ್ಳೆಯ ಗುಣವೇ ಅದು. ಓದುವಾಗ ಒಲೆಯ ಮೇಲಿನ ಹಾಲು ಉಕ್ಕಿದ್ದೂ ಗೊತ್ತಾಗುವುದಿಲ್ಲ, ಮುಗಿದ ಮೇಲೆ ಒಂದಕ್ಷರವೂ ತಲೆಯಲ್ಲಿ ಉಳಿಯುವುದಿಲ್ಲ. ತಲೆಗೆ ಭಾರವಿಲ್ಲ.

ನಾನು ಕಲಿತವಳಲ್ಲ. ಎರಡನೇ ಕ್ಲಾಸಿನ ನಡುವೆ ಶಾಲೆ ಬಿಟ್ಟವಳು. ಬಾಯಲ್ಲಿ ನಮ್ಮ ಸೇಡಂ ಕಡೆಯ ಮಾತು, ಕಾಗದದ ಮೇಲೆ ಕಾದಂಬರಿಯ ಮಾತು, ಯಾಕೆಂದರೆ ಅದನ್ನು ಬಿಟ್ಟು ಬೇರೆ ಬರವಣಿಗೆ ನಾನು ಕಂಡಿಲ್ಲ. ಎಲ್ಲಾದರೂ ‘ಆಕೆ ಬೆಚ್ಚಿಬಿದ್ದಳು’ ಅಂತ ಬಂದರೆ ಅದು ಅಲ್ಲಿಂದ ಬಂದದ್ದು ಅಂತ ತಿಳಿಯಿರಿ. ನಾನು ಬೆಚ್ಚಿಬೀಳುವವಳಲ್ಲ.

ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಓದಲು ಬರುತ್ತಿದ್ದವನು ಅಣ್ಣ ಶರಣಪ್ಪ ಒಬ್ಬನೇ. ಹೆಂಗಸರು ಕಟ್ಟೆಯ ಮೇಲೆ ತೊಗರಿ ಹಸನು ಮಾಡುತ್ತ ಕೂತಾಗ ಅವನು ಯಾರದೋ ಪತ್ತೇದಾರಿ ಪುಸ್ತಕ ತಂದು ಗಟ್ಟಿಯಾಗಿ ಓದುತ್ತಿದ್ದ. ಪುಕ್ಕಟೆ ಅಲ್ಲ. ಒಂದು ಅಧ್ಯಾಯಕ್ಕೆ ಒಂದು ಶೇಂಗಾ ಉಂಡಿ.

“ಉಂಡಿ ತಾ, ಇಲ್ಲಾಂದ್ರ ಹೆಣ ಅಲ್ಲೇ ಬಿದ್ದಿರ್ತೈತಿ ನೋಡು” ಅನ್ನುತ್ತಿದ್ದ.

“ಬಿದ್ದಿರ್ಲಿ ಬಿಡೋ. ನಾಳಿ ಎತ್ತಿದ್ರಾತು” ಅನ್ನುತ್ತಿದ್ದಳು ಅವ್ವ, ಮೊರ ಕೊಡವುತ್ತ.

ಆದರೂ ಉಂಡಿ ಕೊಡುತ್ತಿದ್ದಳು. ಹೀಗೆ ಹದಿನಾಲ್ಕು ಉಂಡಿ ತಿಂದವನು ಕೊನೆಯ ಅಧ್ಯಾಯ ಓದದೆ ವಾಡಿಯ ಕಡೆ ಕಲ್ಲುಗಣಿ ಕೆಲಸಕ್ಕೆ ಹೋಗಿಬಿಟ್ಟ. ಬಂಗಲೆಯ ಮುದುಕನನ್ನು ಕೊಂದವರು ಯಾರು ಅಂತ ನಮ್ಮ ಓಣಿಯ ಹೆಂಗಸರಿಗೆ ಯಾರಿಗೂ ತಿಳಿಯಲಿಲ್ಲ. ಎಷ್ಟೋ ವರ್ಷದ ಮೇಲೆ ಅವನ ಮಗಳ ಮದುವೆಯಲ್ಲಿ ಕೇಳಿದೆ, “ಅಣ್ಣಾ, ಆ ಮುದುಕನ್ನ ಕೊಂದವ ಯಾರೋ?” ಅಂತ. “ಯಾವ ಮುದುಕ?” ಅಂದ. ಇನ್ನು ಯಾರನ್ನೂ ನಂಬಿ ಕೂರುವುದರಲ್ಲಿ ಅರ್ಥವಿಲ್ಲ, ನಾನೇ ಓದಬೇಕು ಅನ್ನಿಸಿದ್ದು ಅವತ್ತು. ಆಗ ನನಗೆ ಐವತ್ತು ದಾಟಿತ್ತು.

ಅಷ್ಟರಲ್ಲಿ ನಾವು ಹೈದರಾಬಾದಿಗೆ ಬಂದು ಬಹಳ ಕಾಲವಾಗಿತ್ತು. ಲಿಂಗಂಪಲ್ಲಿ ಸ್ಟೇಷನ್ ಹಿಂದೆ ಮನೆ. ಗಂಡ ಸೆಂಟ್ರಿಂಗ್ ಕೆಲಸ ಮಾಡುತ್ತಿದ್ದ, ನಾನು ಉಸುಕು ಹೊರುತ್ತಿದ್ದೆ. ಗಚ್ಚಿಬೌಲಿಯ ಎಷ್ಟೋ ಮಹಡಿಗಳನ್ನು ನಾನು ತಲೆಯ ಮೇಲೆ ಹೊತ್ತು ಏರಿಸಿದ್ದೇನೆ. ಗಂಡ ತೀರಿದ. ಮೊಣಕಾಲು ಸೋತವು. ಆಮೇಲೆ ಅವೇ ಮಹಡಿಗಳಿಗೆ ಲಿಫ್ಟಿನಲ್ಲಿ ಹೋಗಿ ಜೋಳದ ರೊಟ್ಟಿ ಬಡಿಯುವ ಕೆಲಸ ಹಿಡಿದೆ.

ಈ ಊರಲ್ಲಿ ಕನ್ನಡದ ಬೋರ್ಡು ಇಲ್ಲ. ಊರಿನಿಂದ ಬಂದ ಬೀಜದ ಚೀಲ, ಲಗ್ನಪತ್ರಿಕೆ, ಮಸಾಲೆ ಪುಡಿಯ ಪ್ಯಾಕೆಟ್ಟು ಹಿಡಿದು ಅಕ್ಷರ ಕೂಡಿಸಿಕೊಂಡೆ. ಆಮೇಲೆ ಧೈರ್ಯ ಮಾಡಿ ಕೋಠಿಗೆ ಹೋದೆ. ಅಲ್ಲಿನ ಹಳೇ ಪುಸ್ತಕದವನಿಗೆ ಕನ್ನಡ ಯಾವುದು, ತೆಲುಗು ಯಾವುದು ಗೊತ್ತಿಲ್ಲ. “ಸಬ್ ಗೋಲ್ ಗೋಲ್ ಹೈ ಅಮ್ಮಾ, ಲೇಲೋ”, ಎಲ್ಲ ಗುಂಡಗುಂಡಗೆ ಒಂದೇ ಥರ, ತಗೋ ಅಂತ ಒಂದು ಪುಸ್ತಕ ಕೈಗಿಟ್ಟ. ಮುಖಪುಟದ ಮೇಲೆ ಪಿಸ್ತೂಲು ಇತ್ತು, ತಂದೆ. ಎಂಟು ದಿನ ಗುದ್ದಾಡಿದೆ. ಅಕ್ಷರಗಳ ತಲೆಕಟ್ಟುಗಳೆಲ್ಲ ಹಕ್ಕಿ ಕೂತ ಹಾಗೆ ಮೇಲಕ್ಕೆ ಎದ್ದು ನಿಂತಿದ್ದವು. ಅಚ್ಚು ಕೆಟ್ಟಿದೆ ಅಂದುಕೊಂಡೆ. ಪಕ್ಕದ ಮನೆಯ ಹುಡುಗಿ ಬಗ್ಗಿ ನೋಡಿ, “ಅಮ್ಮಮ್ಮಾ, ಇದಿ ತೆಲುಗು ಕದಾ!” ಅಂತ ನಕ್ಕಳು. ಅಷ್ಟೊತ್ತಿಗೆ ನಾನು ಹನ್ನೊಂದನೇ ಪುಟಕ್ಕೆ ಬಂದಿದ್ದೆ. ಇಬ್ಬರ ಮೇಲೆ ಅನುಮಾನವೂ ಬಂದಿತ್ತು.

ಹೀಗೆ ಓದಿದವಳು ನಾನು. ಆದರೂ ಈ ಪುಸ್ತಕಗಳ ಬಗ್ಗೆ ನನ್ನದೊಂದು ಅಭಿಪ್ರಾಯ ಇದೆ.

ಪ್ರೇಮದ ಪುಸ್ತಕ ನನಗೆ ಆಗುವುದಿಲ್ಲ. ಒತ್ತಕ್ಷರ ಜಾಸ್ತಿ. ಹುಡುಗ ಹುಡುಗಿ ಎದುರುಬದುರಾದರೆ ಸಾಕು, ಚಂದ್ರ, ಜ್ಯೋತ್ಸ್ನೆ, ನಕ್ಷತ್ರ ಅಂತ ಒಂದು ಪುಟ ಬರೆಯುತ್ತಾರೆ. ಕೊಲೆಯಲ್ಲಿ ಆ ತೊಂದರೆ ಇಲ್ಲ. ‘ಆಕೆ ಸತ್ತಿದ್ದಳು’ ಅಂತ ಎರಡೇ ಮಾತು, ಮುಗಿಯಿತು. ಪ್ರೇಮದ ಪುಸ್ತಕದ ಹುಡುಗಿಗೆ ಕಾಲು ಉಳುಕುತ್ತದೆ, ಹುಡುಗ ಎತ್ತಿಕೊಂಡು ಹೋಗುತ್ತಾನೆ. ಏಳನೇ ಮಹಡಿಯಲ್ಲಿ ನನ್ನ ಕಾಲೂ ಉಳುಕಿತ್ತು. ಮೇಸ್ತ್ರಿ “ಕೂತ್ಕೋಬ್ಯಾಡ, ಕಾಲು ಬಾತೀತು, ನಡಿ ನಡಿ” ಅಂದ.

ದೆವ್ವದ ಪುಸ್ತಕದಲ್ಲಿ ದೆವ್ವಕ್ಕೆ ಬಂಗಲೆಯೇ ಬೇಕು. ಒಂದು ಕೋಣೆಯ ಮನೆಯಲ್ಲಿ ಐದು ಮಂದಿ ಮಲಗಿದ ಕಡೆ ಯಾವ ದೆವ್ವವೂ ಬಂದದ್ದನ್ನು ನಾನು ಓದಿಲ್ಲ. ಅದಕ್ಕೆ ಜಾಗವೆಲ್ಲಿ?

ಇನ್ನು ಪತ್ತೇದಾರ. ಅವನು ಸಿಗರೇಟು ಹಚ್ಚದೆ ಯೋಚಿಸುವುದಿಲ್ಲ. ಅವನ ಸಹಾಯಕ ದಡ್ಡ, ಇಲ್ಲದಿದ್ದರೆ ಪತ್ತೇದಾರ ವಿಷಯವನ್ನೆಲ್ಲ ಯಾರಿಗೆ ಬಿಡಿಸಿ ಹೇಳಬೇಕು? ಅವರ ಮನೆಯಲ್ಲಿ ಯಾರೂ ಪಾತ್ರೆ ತೊಳೆಯುವುದಿಲ್ಲ. ಮನೆಗೆಲಸದವನು ಅರವತ್ತನೇ ಪುಟದ ಹೊತ್ತಿಗೆ ಏನನ್ನೋ ನೋಡಿಬಿಟ್ಟು ಸಾಯುತ್ತಾನೆ. ಅಡಿಗೆಯವಳಿಗೆ ಹೆಸರೇ ಇರುವುದಿಲ್ಲ. ‘ಅಡಿಗೆಯವಳು ಹಾಲು ತಂದಿಟ್ಟು ಹೋದಳು’ ಅಷ್ಟೆ. ಅವಳು ಎಲ್ಲಿಗೆ ಹೋದಳು, ಊಟ ಮಾಡಿದಳೋ ಇಲ್ಲವೋ, ಬರೆದವನಿಗೆ ಬೇಕಾಗಿಲ್ಲ.

ಈ ಹಾಲಿನ ವಿಷಯಕ್ಕೇ ನಾನು ಬರಬೇಕಾಗಿತ್ತು.

ನಾನು ಹನ್ನೊಂದು ವರ್ಷದಿಂದ ರೊಟ್ಟಿ ಬಡಿಯುತ್ತಿರುವ ಮನೆ ಕಮಲಾಬಾಯಿ ಅವರದು. ಬೀದರ್ ಕಡೆಯವರು, ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ನಮ್ಮ ಕಡೆ ಕಲಿಸುವ ಹೆಂಗಸರನ್ನು ಬಾಯಾರು ಅನ್ನುತ್ತೇವೆ, ನಾನೂ ಹಾಗೇ ಕರೆಯುತ್ತೇನೆ. ಗಚ್ಚಿಬೌಲಿಯಲ್ಲಿ ಮಗಳು ವೀಣಾಳ ಜೊತೆ ಎಂಟನೇ ಮಹಡಿಯಲ್ಲಿ ಇದ್ದಾರೆ. ಮಂಚದ ಕೆಳಗೆ ಒಂದು ತಗಡಿನ ಟ್ರಂಕು, ಅದರ ತುಂಬ ಪತ್ತೇದಾರಿ ಪುಸ್ತಕ. ಶಾಲೆಯಲ್ಲಿ ಮಕ್ಕಳ ಕಾಪಿ ತಿದ್ದುವ ನೆವದಲ್ಲಿ ಅದರೊಳಗೆ ಇಟ್ಟುಕೊಂಡು ಓದುತ್ತಿದ್ದರಂತೆ.

ಬಾಯಾರ ಒಂದು ಕಣ್ಣಿನ ಪರದೆ ಹರಿಯಿತು. ಆಪರೇಷನ್ ಮಾಡಿದ ಡಾಕ್ಟರು ಕಣ್ಣಿನೊಳಗೆ ಗಾಳಿಯ ಗುಳ್ಳೆ ಬಿಟ್ಟು, ಹನ್ನೆರಡು ದಿನ ಮುಖ ಕೆಳಗೆ ಹಾಕಿಯೇ ಇರಬೇಕು ಅಂದರು. ಕೂತರೂ ಮುಖ ಕೆಳಗೆ, ಮಲಗಿದರೂ ಕೆಳಗೆ. ನೋಡಲು ಏನಿದೆ? ನೆಲದ ಟೈಲ್ಸು, ನನ್ನ ಕಾಲು. ವೀಣಾ ಬೆಳಿಗ್ಗೆ ಆಫೀಸಿಗೆ ಹೋಗುವವಳು, ಸಂಜೆ ಬರುವವಳು. ಆ ಹನ್ನೆರಡು ದಿನ ಉಳಿದ ಮನೆಗಳಿಗೆ ಹೇಳಿ ನಾನು ಬೆಳಿಗ್ಗೆಯಿಂದ ಸಂಜೆಯ ತನಕ ಅಲ್ಲೇ ಇರುತ್ತಿದ್ದೆ. ರೊಟ್ಟಿ ಮುರಿದು ಬೇಳೆ ಸಾರಿನಲ್ಲಿ ನೆನೆಸಿ, ನೆಲದ ಮೇಲೆ ಕೂತು, ಕೆಳಗಿನಿಂದ ಕೈ ಎತ್ತಿ ಬಾಯಿಗಿಡುತ್ತಿದ್ದೆ. ನಾಲ್ಕು ಗಂಟೆಗೆ ಅರಿಸಿನ ಹಾಕಿದ ಹಾಲು, ಸ್ಟ್ರಾ ಇಟ್ಟು. ತುತ್ತಿನಲ್ಲಿ ಏನಿದೆ ಅಂತ ಅವರಿಗೆ ಕಾಣುತ್ತಿರಲಿಲ್ಲ. ಬಾಯಿ ತೆರೆಯುತ್ತಿದ್ದರು, ಅಷ್ಟೆ.

ಮೊದಲನೇ ದಿನವೇ ದಿಂಬಿನೊಳಗಿಂದ ದನಿ ಬಂತು.

“ನೀಲವ್ವಾ, ನಿನಗ ಓದಾಕ ಬರ್ತೈತೇನು?”

“ಬರ್ತೈತ್ರಿ ಬಾಯಾರ.”

“ಎಷ್ಟು ಬರ್ತೈತಿ?”

“ಸಾಕಷ್ಟು ಬರ್ತೈತ್ರಿ.”

“ಹಂಗಾರ ಟ್ರಂಕ್‌ನಾಗಿಂದು ಒಂದು ತಗಿ. ಮೊಬೈಲ್ ಕೇಳಿ ಕೇಳಿ ತಲಿ ಕೆಟ್ಟದ.”

ಕೈಗೆ ಬಂದದ್ದನ್ನು ತೆಗೆದೆ. ಹೆಸರು ಓದಿ ಹೇಳಿದೆ. “ಹೂಂ, ನಡಿ” ಅಂದರು. ಮೊದಲನೇ ಪುಟದಲ್ಲೇ ನನ್ನ ಬಂಡವಾಳ ಬಯಲಾಯಿತು.

“ಬಂಗಲೆಯಲ್ಲಿ… ನಿ… ನಿಶ…”

“ನಿಶ್ಶಬ್ದ. ಶಕ್ಕ ಶ ಒತ್ತು. ಮುಂದ ನಡಿ.”

“ನಿಶ್ಶಬ್ದ… ಆ… ಆವ…”

“ಆವರಿಸಿತ್ತು. ನೀಲವ್ವಾ, ನೀ ಹಿಂಗ ಓದಿದ್ರ ಸತ್ತಾಕಿ ಹೆಣ ನಾರಾಕ ಹತ್ತತೈತಿ.”

ಅವಮಾನವಾಯಿತು. ಪುಸ್ತಕ ಮನೆಗೆ ಒಯ್ಯಲು ಕೇಳಿದೆ. ಮರುದಿನದಿಂದ ಲಿಂಗಂಪಲ್ಲಿಯಿಂದ ಗಚ್ಚಿಬೌಲಿಗೆ ಬರುವ ಬಸ್ಸಿನಲ್ಲಿ ಅವತ್ತಿನ ಹತ್ತು ಹನ್ನೆರಡು ಪುಟ ಬಾಯಿಪಾಠವಾಗುವಷ್ಟು ಸಲ ಓದುತ್ತಿದ್ದೆ. ಬೆರಳಿಗಂಟಿದ ಜೋಳದ ಹಿಟ್ಟು ಪುಟಕ್ಕೆಲ್ಲ ಮೆತ್ತಿತು. ನಾಲ್ಕನೇ ದಿನಕ್ಕೆ ಬಾಯಾರು, “ಏನವಾ, ಒಮ್ಮಿಗೇ ಎಕ್ಸ್‌ಪ್ರೆಸ್ ಆದ್ಯಲ್ಲ!” ಅಂದರು.

ಕತೆ ದೊಡ್ಡದೇನಲ್ಲ. ಬಂಗಲೆಯ ಯಜಮಾನಿ ಕಾಯಿಲೆ ಬಿದ್ದು ಹಾಸಿಗೆ ಹಿಡಿದವಳು, ಒಂದು ಬೆಳಿಗ್ಗೆ ಸತ್ತಿರುತ್ತಾಳೆ. ಪಕ್ಕದ ಮೇಜಿನ ಮೇಲೆ ಅರ್ಧ ಕುಡಿದ ಹಾಲಿನ ಲೋಟ. ಆಸ್ತಿಗೆ ಬಾಯಿ ಬಿಟ್ಟುಕೊಂಡ ಮೈದುನ ಒಬ್ಬ, ಡಾಕ್ಟರು ಒಬ್ಬ, ಅಳುವ ತಂಗಿಯ ಮಗಳು ಒಬ್ಬಳು. ಮತ್ತೆ ಪ್ರತಿ ಅಧ್ಯಾಯದಲ್ಲೂ ಹಾಲು ತಂದಿಡುವ ಅಡಿಗೆಯವಳು.

ಆರನೇ ದಿನ ಬಾಯಾರು ಹಾಲು ಕುಡಿದ ಅರ್ಧ ತಾಸಿಗೆ ವಾಂತಿ ಮಾಡಿಕೊಂಡರು. ತಲೆ ಕೆಳಗಿದ್ದಾಗ ವಾಂತಿ ಬಂದರೆ ಕಣ್ಣಿಗೆ ಕೆಟ್ಟದ್ದು ಅಂತ ಡಾಕ್ಟರು ಹೆದರಿಸಿದ್ದರು. ನಾನು ಫೋನು ಮಾಡಿದೆ. ವೀಣಾ ಓಡಿ ಬಂದಳು. ಅಮ್ಮನ ಬೆನ್ನು ಸವರಿದಳು. ಆಮೇಲೆ ಅಡಿಗೆಮನೆಗೆ ಬಂದು ಲೋಟ ಎತ್ತಿ ಮೂಸಿ ನೋಡಿದಳು.

“ನೀಲವ್ವಾ, ಹಾಲ್ನಾಗ ಏನ್ ಹಾಕಿದ್ರಿ?”

“ಅರಿಸಿನ.”

“ಬರೇ ಅರಿಸಿನನಾ?”

“ಮತ್ತೇನ್ ಹಾಕ್ಲೆವಾ? ದಿನಾ ಹಾಕೂದೇ.”

ಅವಳು ಡಾಕ್ಟರಿಗೆ ಫೋನು ಹಚ್ಚಿದಳು. ಗುಳಿಗೆಯಿಂದ ಹೀಗಾಗುತ್ತದೆ, ಊಟದ ಮೇಲೆ ಕೊಡಿ ಅಂತ ಡಾಕ್ಟರು ಫೋನಿನಲ್ಲಿ ಹೇಳಿದರು. ಆದರೆ ಮರುದಿನ ಫ್ರಿಜ್ಜಿನ ಮೇಲೆ ಒಂದು ಸಣ್ಣ ಬಿಳಿ ಕ್ಯಾಮರಾ ಬಂದು ಕೂತಿತು. “ಅಮ್ಮನ್ನ ಆಫೀಸ್‌ನಿಂದ ನೋಡ್ಕೊಳ್ಳಾಕ” ಅಂದಳು ವೀಣಾ. ಅಮ್ಮ ಇದ್ದದ್ದು ಕೋಣೆಯಲ್ಲಿ. ಕ್ಯಾಮರಾದ ಮುಖ ಇದ್ದದ್ದು ಒಲೆಯ ಕಡೆ. ಅವತ್ತೇ ಅವಳು ಫೋನಿನಲ್ಲಿ ಯಾರಿಗೋ “ಏಜೆನ್ಸಿಯಿಂದ ಟ್ರೇನಿಂಗ್ ಆದ ಆಯಾ ಸಿಕ್ಕರೆ ಸೋಮವಾರದಿಂದ” ಅನ್ನುವುದೂ ಕಿವಿಗೆ ಬಿತ್ತು. ಬಾಯಾರು ಕೇಳಿಸಿಕೊಂಡರೋ ಇಲ್ಲವೋ, ಮುಖ ದಿಂಬಿನಲ್ಲಿತ್ತು.

ನಾನು ಅತ್ತುಕೊಂಡು ಕೂರಲಿಲ್ಲ. ಅನುಮಾನ ಬಂದರೆ ಬರಲಿ, ಹೆತ್ತವ್ವನ ವಿಷಯ, ನಾನಾಗಿದ್ದರೂ ಲೋಟ ಮೂಸುತ್ತಿದ್ದೆ. ಆದರೆ ಹನ್ನೊಂದು ವರ್ಷ ಬಡಿದ ರೊಟ್ಟಿ ಒಂದು ಲೋಟ ಹಾಲಿನಲ್ಲಿ ಮುಳುಗುವುದು ನನಗೆ ಬೇಕಿರಲಿಲ್ಲ. ವೀಣಾ ಅನುಮಾನಪಟ್ಟರೆ ತಾಳಿಕೊಳ್ಳಬಹುದು. ಬಾಯಾರು ನನ್ನ ಕೈ ಕಂಡು ಬಾಯಿ ಮುಚ್ಚಿದರೆ ಮಾತ್ರ ಆ ಮನೆಯಲ್ಲಿ ನನಗೆ ಕೆಲಸವಿಲ್ಲ.

ಹೀಗಿರುವಾಗ ಹತ್ತನೇ ದಿನ ಬಸ್ಸಿನಲ್ಲಿ ಕೊನೆಯ ಅಧ್ಯಾಯ ಓದಿದೆ. ಪತ್ತೇದಾರ ಎಲ್ಲರನ್ನೂ ಪಡಸಾಲೆಯಲ್ಲಿ ಕೂರಿಸಿ, ಸಿಗರೇಟು ಹಚ್ಚಿ, ಒಬ್ಬೊಬ್ಬರನ್ನೇ ದಿಟ್ಟಿಸಿ, ಬೆರಳು ತೋರಿಸುತ್ತಾನೆ. ಅಡಿಗೆಯವಳ ಕಡೆಗೆ. ಯಜಮಾನಿ ಹಿಂದೆ ಎಂದೋ ಬೈದಿದ್ದಳಂತೆ, ಇವಳು ಆ ಸಿಟ್ಟು ಇಟ್ಟುಕೊಂಡು ದಿನವೂ ಚೂರು ಚೂರು ಪುಡಿ ಬೆರೆಸುತ್ತಿದ್ದಳಂತೆ.

ನನ್ನ ಸ್ಟಾಪು ಹೋಯಿತು. ಎರಡು ಸ್ಟಾಪು ಹಿಂದಕ್ಕೆ ನಡೆದು ಬಂದೆ.

ಇದನ್ನು ನಾನು ಹೇಗೆ ಓದಲಿ? ಕೆಳಗೆ ನನ್ನ ಕೈ, ಮೇಲೆ ಅವರ ಬಾಯಿ, ನಡುವೆ ಈ ಪುಸ್ತಕ. ಮೊನ್ನೆ ವಾಂತಿ ಬೇರೆ. ಎರಡು ಸ್ಟಾಪು ನಡೆಯುವಷ್ಟರಲ್ಲಿ ತೀರ್ಮಾನ ಮಾಡಿದೆ: ಕೊಲೆಯನ್ನು ಮೈದುನನ ಮೇಲೆ ಹಾಕುವುದು. ಹೇಗೂ ಅವನು ನನಗೆ ಮೊದಲಿಂದ ಸೇರಿರಲಿಲ್ಲ.

ಪುಸ್ತಕ ಮುಂದೆ ಹಿಡಿದು ಓದಿದ ಹಾಗೆ ಮಾಡಿದೆ. “ಪತ್ತೇದಾರ ಮೈದುನನ ಕಡೆ ಬೆರಳು ತೋರಿಸಿದ. ‘ನೀವೇ!’ ಎಂದ. ಮೈದುನ ಬೆಚ್ಚಿಬಿದ್ದ.”

ದಿಂಬಿನೊಳಗಿಂದ ಪ್ರಶ್ನೆ ಬಂತು.

“ಮೈದುನನಾ?”

“ಹೂಂರಿ. ಮೈದುನ.”

“ಯಾಕ ಕೊಂದ?”

“ಆಸ್ತಿಗ್ರಿ.”

“ಹಾಲಿನಾಗ ಯಾವಾಗ ಹಾಕಿದ?”

ಅದನ್ನು ನಾನು ಯೋಚಿಸಿರಲಿಲ್ಲ. “ಅಡಿಗಿಯಾಕಿ ಸಂತಿಗೆ ಹೋದಾಗ್ರಿ.”

“ಅಂವ ಆವಾಗ ಪುಣೇದಾಗ ಇದ್ದನಲ್ಲ?”

“ರೈಲಿನಾಗ ಬಂದ್ರಿ.”

“ಮತ್ತ ಹೊಳ್ಳಿ ಹ್ಯಾಂಗ್ ಹೋದ?”

“ಅದೇ ರೈಲಿನಾಗ್ರಿ.”

ದಿಂಬು ಅಲುಗಿತು. ಕೆಮ್ಮು ಬಂತೇನೋ ಅಂತ ನೀರು ತರಲು ಎದ್ದೆ. ಬೇಡ ಅಂತ ಕೈ ಆಡಿಸಿದರು. ನಾಲ್ಕು ಗಂಟೆಗೆ ಹಾಲು ತಂದೆ, ಸ್ಟ್ರಾ ಹುಡುಕಿ ತುಟಿಗೆ ಇಟ್ಟುಕೊಂಡರು, ಕೊನೆಯ ಗುಟುಕು ಸೊರ್ ಅನ್ನುವ ತನಕ ಎಳೆದರು.

ಸೋಮವಾರ ಏಜೆನ್ಸಿಯ ಆಯಾ ಬರಲಿಲ್ಲ. ಬಾಯಾರು ಬೇಡ ಅಂದರಂತೆ. ಹನ್ನೆರಡು ದಿನ ಮುಗಿದು ಅವರು ತಲೆ ಎತ್ತಿದರು. ಕ್ಯಾಮರಾ ಮಾತ್ರ ಇನ್ನೂ ಇದೆ, ಈಗ ಅದರ ಮೇಲೆ ಹಿಟ್ಟು ಕೂತು ಏನೂ ಕಾಣುವುದಿಲ್ಲ ಅಂತ ವೀಣಾಳೇ ಹೇಳುತ್ತಾಳೆ. ನಾನು ಒಳಗೊಳಗೇ ಬೀಗಿದೆ. ಮೈದುನನ ಮೇಲೆ ಹಾಕದಿದ್ದರೆ ಇವತ್ತು ಇಲ್ಲಿ ಇರುತ್ತಿರಲಿಲ್ಲ, ಎಂಥ ಬುದ್ಧಿ ನನ್ನದು ಅಂತ. ಎರಡು ತಿಂಗಳು ಹಾಗೇ ಬೀಗಿಕೊಂಡಿದ್ದೆ.

ಕಣ್ಣು ಸರಿಹೋದ ಮೇಲೆ ಒಂದು ಮಧ್ಯಾಹ್ನ ಬಾಯಾರು ಟ್ರಂಕು ಹೊರಗೆಳೆಸಿದರು. ಬೇಡದ ಪುಸ್ತಕ ಬೇರೆ ಮಾಡಬೇಕಿತ್ತು. ಅವರು ಒಂದೊಂದನ್ನೇ ತೆಗೆದು, ಯಾವುದೋ ಒಂದು ಪುಟ ನೋಡಿ, ಆ ಕಡೆಗೋ ಈ ಕಡೆಗೋ ಹಾಕುತ್ತಿದ್ದರು.

“ಏನ್ ನೋಡಾಕತ್ತೀರಿ ಬಾಯಾರ?”

“ನಲವತ್ತನೇ ಪುಟ. ಇವೆಲ್ಲಾ ಒಂದೇ ನಮೂನಿ ಇರ್ತಾವ, ಓದೀನೋ ಇಲ್ಲೋ ನೆನಪಿರಂಗಿಲ್ಲ. ಅದಕ್ಕ ಲೈಬ್ರರಿ ಪುಸ್ತಕ ತರೂ ಕಾಲದಾಗಿಂದ ಓದಿದ್ದಕ್ಕ ಅಲ್ಲಿ ಪೆನ್ಸಿಲ್‌ಲೆ ಒಂದು ಚುಕ್ಕಿ ಇಡತೀನಿ. ಒಂದು ಸಲ ಓದಿದ್ರ ಒಂದು ಚುಕ್ಕಿ.”

ನಾನು ಕೈ ಹಾಕಿ ಆ ಹಾಲಿನ ಪುಸ್ತಕ ಹುಡುಕಿದೆ. ಹಿಟ್ಟು ಮೆತ್ತಿದ್ದರಿಂದ ಬೇಗ ಸಿಕ್ಕಿತು. ನಲವತ್ತನೇ ಪುಟ ತೆಗೆದೆ. ಮೂಲೆಯಲ್ಲಿ ಎರಡು ಚುಕ್ಕೆ. ಬಸ್ಸಿನಲ್ಲೂ ನೋಡಿದ್ದೆ ಅವನ್ನು, ಸೊಳ್ಳೆಯ ಕಲೆ ಅಂದುಕೊಂಡಿದ್ದೆ.

“ಇದು ಎರಡು ಸಲ ಓದೀರಿ?”

“ಹೂಂ.”

“ಹಂಗಾರ ಕೊಂದಾಕಿ ಯಾರಂತ…”

“ನೀ ಹೆಸರು ಓದಿದ ಕೂಡ್ಲೆ ನೆನಪಾತು. ಇದೊಂದು ಮರಿಯಾಂಗಿಲ್ಲ, ಅಡಿಗಿಯಾಕಿ ಕೊಲ್ಲೂದು ಇದೊಂದ್ರಾಗ.” ಕನ್ನಡಕ ಮೂಗಿನ ಮೇಲೆ ಇಳಿಸಿ ನನ್ನನ್ನು ನೋಡಿದರು. “ಪಾಪ, ಆ ಮೈದುನ ನಿನಗೇನ್ ಮಾಡಿದ್ದವಾ? ಪುಣೇದಾಗಿದ್ದಾಂವನ್ನ ರೈಲು ಹತ್ತಿಸಿ ಕರಕೊಂಡು ಬಂದ್ಯಲ್ಲ.”

ಹಾಗಾದರೆ ಮೊದಲನೇ ದಿನದಿಂದ ಗೊತ್ತಿತ್ತು. ವಾಂತಿಯಾದ ದಿನ ಗೊತ್ತಿತ್ತು. ಕ್ಯಾಮರಾ ಬಂದ ದಿನವೂ.

“ಗೊತ್ತಿದ್ದೂ ಮತ್ತ ದಿನಾ ನನ್ನ ಕೈಯಾಗಿಂದು ಉಂಡ್ರಿ?”

“ಮತ್ತೇನ್ ಮಾಡ್ಲಿ? ಹಸಿವಾಗಿತ್ತು.”

ಅಷ್ಟು ಹೇಳಿ ಇನ್ನೊಂದು ಪುಸ್ತಕ ತೆಗೆದು ನಲವತ್ತನೇ ಪುಟ ನೋಡತೊಡಗಿದರು. ನಾನು ಎದ್ದು ರೊಟ್ಟಿ ಬಡಿಯಲು ಹೋದೆ, ಊಟದ ಹೊತ್ತಾಗಿತ್ತು. ತಟ್ಟೆ ತಂದು ಮುಂದಿಟ್ಟಾಗ ಆ ಪುಸ್ತಕವನ್ನು ನನ್ನ ಕಡೆ ತಳ್ಳಿದರು.

“ಈಗ ಖರೇ ಕಡೀ ಪಾಠ ಓದು. ನಡುವ ಯಾರನ್ನೂ ರೈಲು ಹತ್ತಿಸಬ್ಯಾಡ.”

ನೆಲದ ಮೇಲೆ ಕೂತು ಓದಿದೆ. ನಿಶ್ಶಬ್ದಕ್ಕೆ ತಡವರಿಸಲಿಲ್ಲ. ಅವರು ಶೇಂಗಾ ಹಿಂಡಿ ಹಚ್ಚಿಕೊಂಡು ರೊಟ್ಟಿ ತಿನ್ನುತ್ತ ಕೇಳಿದರು. ಅಡಿಗೆಯವಳು ಬಾಗಿಲು ಮುಂದೆ ಮಾಡಿ, ಸೆರಗಿನ ಗಂಟು ಬಿಚ್ಚಿ, ಪುಡಿಯನ್ನು ಲೋಟಕ್ಕೆ ಸುರಿದು ಚಮಚದಿಂದ ಕಲಸುವ ಜಾಗಕ್ಕೆ ಬಂದಾಗ ನನ್ನ ದನಿ ತಾನಾಗಿ ಸಣ್ಣದಾಯಿತು.

“ಗಟ್ಟಿಯಾಗಿ ಓದು” ಅಂದರು ಬಾಯಾರು. “ಮತ್ತ ಇನ್ನೊಂದು ರೊಟ್ಟಿ ಹಾಕು.”